ಗುಳ್ಳೆಯ ಹಿಂದಿನ ಗೋಡೆ

ಜನವರಿ ಹದಿನಾರು, ಗುರುವಾರ. ಬೆನ್ನಿಗೆ ಅರಿವಳಿಕೆ ಕೊಟ್ಟದ್ದು ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷಕ್ಕೆ. ಮೂತ್ರಕೋಶ ನೋಡುವ ದುರ್ಬೀನು ಒಳಹೋದದ್ದು ಒಂಬತ್ತು ಇಪ್ಪತ್ತಕ್ಕೆ. ಮೊದಲ ಗಡ್ಡೆ ತೆಗೆದು ಮುಗಿದದ್ದು ಒಂಬತ್ತು ನಲವತ್ತಕ್ಕೆ, ಎರಡನೆಯದು ಒಂಬತ್ತು ಐವತ್ತೆರಡಕ್ಕೆ. ಡಾ. ಮುಸರ್ರತ ಕೋಣೆಯಿಂದ ಹೊರಟದ್ದು ಒಂಬತ್ತು ಐವತ್ತೆಂಟಕ್ಕೆ. ದುರ್ಬೀನು ಹೊರಬಂದದ್ದು ಹತ್ತು ಗಂಟೆ ನಾಲ್ಕು ನಿಮಿಷಕ್ಕೆ. ನಕ್ಷೆ ಬರೆದು ಮುಗಿದದ್ದು ಹತ್ತು ಗಂಟೆ ಹನ್ನೊಂದು ನಿಮಿಷಕ್ಕೆ. ಇದರಲ್ಲಿ ಕೊನೆಯ ಹದಿಮೂರು ನಿಮಿಷಗಳನ್ನು ಬಿಟ್ಟು ಉಳಿದದ್ದೆಲ್ಲ ಕ್ರಮವಾಗಿಯೇ ನಡೆದಿತ್ತು.

ಮೇಜಿನ ಮೇಲೆ ಮಲಗಿದ್ದವನು ಮಡೆಪ್ಪ. ಅರವತ್ತೊಂದು ವರ್ಷ, ಔರಾದ ಕಡೆಯ ಹಳ್ಳಿ, ಕುರಿ ಸಾಕುವ ಮನೆತನ. ಮೂರು ತಿಂಗಳಲ್ಲಿ ನಾಲ್ಕು ಸಲ ಮೂತ್ರದಲ್ಲಿ ರಕ್ತ ಹೋಗಿತ್ತು. ನೋವು ಇರಲಿಲ್ಲ, ಪ್ರತಿ ಸಲವೂ ತಾನಾಗಿಯೇ ನಿಂತಿತ್ತು. ಸ್ಕ್ಯಾನಿಂಗ್‌ನಲ್ಲಿ ಮೂತ್ರಕೋಶದ ಎಡಗೋಡೆಯ ಮೇಲೆ ಎರಡು ಗಡ್ಡೆಗಳು ಕಂಡಿದ್ದವು. ದುರ್ಬೀನು ಹಿಡಿದಿದ್ದವನು ಶಿವಕಾಂತ, ಯುರಾಲಜಿ ತರಬೇತಿಯ ಎರಡನೆಯ ವರ್ಷದ ವೈದ್ಯ. ಅವನ ಬಲಭುಜದ ಹಿಂದೆ ನಿಂತು ಪರದೆ ನೋಡುತ್ತಿದ್ದವರು ಅವನ ಗುರು ಡಾ. ಮುಸರ್ರತ. ಸೊಂಟದ ಕೆಳಗೆ ಮಾತ್ರ ಮರಗಟ್ಟಿದ್ದರಿಂದ ಮಡೆಪ್ಪ ಎಚ್ಚರವಾಗಿದ್ದ. ಅವನ ಕಣ್ಣೂ ಪರದೆಯ ಮೇಲೆಯೇ ಇತ್ತು.

"ಸಾಹೇಬ್ರ, ಟಿವಿದಾಗ ಕಾಣ್ಲತ್ತದಲ್ಲ, ಅದು ನನ್ನ ಹೊಟ್ಟಿ ಏನ್ರಿ?"

"ಹೊಟ್ಟಿ ಅಲ್ಲ ಕಾಕಾ, ಉಚ್ಚಿಚೀಲ."

"ಥೂ ಅವನೌನ್! ಅದನ್ನ ಹೋಗಿ ಟಿವಿದಾಗ ಹಾಕೀರಲ್ರಿ."

ಡಾ. ಮುಸರ್ರತ ಮುಖಗವಸಿನ ಒಳಗೇ ನಕ್ಕರು.

ಎರಡನೆಯ ಗಡ್ಡೆಯನ್ನು ಕೆರೆಯುವಾಗ ಮಡೆಪ್ಪನ ಎಡಗಾಲು ಒಮ್ಮೆ ಝಾಡಿಸಿತು. ಪಕ್ಕದ ಗೋಡೆಯ ಹಿಂದೆ ಹಾಯುವ ನರಕ್ಕೆ ವಿದ್ಯುತ್ ತಾಗಿದರೆ ಹಾಗಾಗುವುದು ಪುಸ್ತಕದಲ್ಲಿದೆ. ಆದರೂ ಶಿವಕಾಂತ ತಟ್ಟನೆ ವಿದ್ಯುತ್ತಿನ ಪೆಡಲಿನಿಂದ ಕಾಲೆತ್ತಿದ. ಸ್ವಲ್ಪ ರಕ್ತ ಬಂತು, ನಿಂತಿತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಕರೆ ಬಂತು. ಡಾ. ಮುಸರ್ರತ ಕೈಗವಸು ಕಳಚುತ್ತ ಹೇಳಿದರು: "ಗುಮ್ಮಟ ನೋಡೋದು ಉಳದದ. ನೀರು ಕಮ್ಮಿ ಮಾಡು, ಹೊಟ್ಟಿ ಒತ್ತು, ಗುಳ್ಳಿ ಹಿಂದ ನೋಡು. ಆಮ್ಯಾಲ ನಕ್ಷಾ."

ಮೂತ್ರಕೋಶದ ನೆತ್ತಿಯನ್ನು ಅವರು ಗುಮ್ಮಟ ಎನ್ನುತ್ತಿದ್ದರು. ಸುಲ್ತಾನರ ಗೋರಿಗಳ ಗುಮ್ಮಟ ನೋಡುತ್ತಲೇ ಬೆಳೆದ ಬೀದರಿನವರಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ನೀರಿನೊಂದಿಗೆ ಒಳಸೇರಿದ ಗಾಳಿ ಅಲ್ಲಿಗೇ ಏರಿ ಒಂದು ಗುಳ್ಳೆಯಾಗಿ ನಿಲ್ಲುತ್ತದೆ. ದೀಪದ ಬೆಳಕು ಬಿದ್ದಾಗ ಅದು ಹೊಳೆಯುತ್ತದೆ, ಹಿಂದಿನ ಗೋಡೆಯನ್ನು ಮರೆಮಾಡುತ್ತದೆ. ಎಡಗೈಯಿಂದ ಕಿಬ್ಬೊಟ್ಟೆಯನ್ನು ಒತ್ತಿದರೆ ಗುಮ್ಮಟ ಕೆಳಗೆ ಬಾಗುತ್ತದೆ, ಗುಳ್ಳೆ ಪಕ್ಕಕ್ಕೆ ಸರಿಯುತ್ತದೆ.

ಶಿವಕಾಂತ ಒತ್ತಿದ. ಗುಳ್ಳೆ ನಡುಗಿತು, ಸರಿಯಲಿಲ್ಲ. ಮಡೆಪ್ಪ ಕೆಮ್ಮಿದ. ಕಾಲು ಮತ್ತೆ ಝಾಡಿಸಿದರೆ, ದುರ್ಬೀನಿನ ತುದಿ ಗೋಡೆಯನ್ನು ತೂರಿದರೆ ಎಂಬ ಎಣಿಕೆ ಶಿವಕಾಂತನ ತಲೆಯಲ್ಲಿ ಹಾದುಹೋಯಿತು. ಅವನು ಇನ್ನೊಮ್ಮೆ ಒತ್ತದೆ ದುರ್ಬೀನನ್ನು ಹೊರಗೆಳೆದ.

ಡಾ. ಮುಸರ್ರತರ ಬಳಿ ಕಲಿಯುವವರಿಗೆ ಒಂದು ಕಟ್ಟಳೆ ಇತ್ತು. ತಲೆಯ ಟೊಪ್ಪಿಗೆ ತೆಗೆಯುವ ಮೊದಲು ಮೂತ್ರಕೋಶದ ನಕ್ಷೆಯನ್ನು ಕೈಯಿಂದ ಬರೆಯಬೇಕು. ಒಂದು ವೃತ್ತ, ಅಂಚಿನಲ್ಲಿ ಗಡಿಯಾರದ ಹನ್ನೆರಡು ಅಂಕಿಗಳು. ಕಣ್ಣಾರೆ ಕಂಡ ಭಾಗಕ್ಕೆ ಸೀಸದ ಕಡ್ಡಿಯಿಂದ ಬೂದುಬಣ್ಣ ತುಂಬಬೇಕು, ಕಾಣದೆ ಉಳಿದದ್ದನ್ನು ಬಿಳಿಯಾಗಿಯೇ ಬಿಡಬೇಕು. ಬಿಳಿ ಬಿಟ್ಟವರನ್ನು ಅವರು ಬೈಯುತ್ತಿರಲಿಲ್ಲ. ರೋಗಿ ಮೇಜಿನಿಂದ ಇಳಿಯುವ ಮೊದಲು ತಾವೇ ಬಂದು ಆ ಜಾಗವನ್ನು ನೋಡುತ್ತಿದ್ದರು.

ಶಿವಕಾಂತ ಮೂರು ಗಂಟೆಯ ಸ್ಥಾನದಲ್ಲಿ ಎರಡು ಗಡ್ಡೆಗಳನ್ನು ಗುರುತಿಸಿದ. ಆರು, ಒಂಬತ್ತು, ಮತ್ತೆ ಒಂದು, ಹನ್ನೊಂದು ತುಂಬಿದ. ಹನ್ನೆರಡರಲ್ಲಿ ಕಡ್ಡಿ ನಿಂತಿತು. ಆಮೇಲೆ ನಿಲ್ಲಲಿಲ್ಲ.

ಮಡೆಪ್ಪನನ್ನು ವಾರ್ಡಿಗೆ ಒಯ್ದರು.

*

ಹದಿನೆಂಟರ ಶನಿವಾರ ಪಾಠವಿತ್ತು. ಮೊದಲ ವರ್ಷದ ಮೂವರು ಹೊಸಬರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಡಾ. ಮುಸರ್ರತ ಗೋಡೆಯನ್ನು ತಟ್ಟಿ ಆರಂಭಿಸಿದರು.

"ಇದು ನಮ್ಮ ಹಳೀ ಗೋಡಿ ಅಂತ ತಿಳೀರಿ. ಮ್ಯಾಲ ಸುಣ್ಣ, ಅದರ ಕೆಳಗ ಗಾರಿ, ಅದರ ಕೆಳಗ ಕಲ್ಲು. ಕ್ಯಾನ್ಸರ್ ಸುಣ್ಣದಾಗ ಇದ್ದರ ಕೆರದು ತಗೀರಿ. ಗಾರಿಗೆ ಇಳದದ? ಇನ್ನೂ ಚೀಲ ಉಳಸಬಹುದು, ಆದರ ಪುರಸತ್ ಇಲ್ಲ, ಬೆನ್ನು ಹತ್ತಬೇಕು. ಕಲ್ಲಿಗೆ ಹತ್ತಿತು ಅಂದರ ಇಡೀ ಚೀಲಾನೇ ತಗೀಬೇಕು. ಕಲ್ಲು ಅಂದರ ಯಾವುದು?"

"ಸ್ನಾಯು, ಮೇಡಮ್," ಎಂದಳು ಶೈಲಶ್ರೀ. ಮೂವರಲ್ಲಿ ಪ್ರಶ್ನೆ ಕೇಳುವವಳು ಅವಳೊಬ್ಬಳೇ.

ಆಮೇಲೆ ಅವರು ಕಡತದಿಂದ ಒಂದು ಹಾಳೆ ತೆಗೆದು ಫಲಕಕ್ಕೆ ಚುಚ್ಚಿದರು. ಮಡೆಪ್ಪನ ನಕ್ಷೆ.

"ಇದನ್ನ ನೋಡ್ರಿ. ಎಲ್ಲೂ ಬಿಳಿ ಇಲ್ಲ. ಈ ಶಿವಕಾಂತ ಹೋದ ವರ್ಷ ಬಂದಾಗ ಇವನ ನಕ್ಷಾ ಹತ್ತಿ ಹೊಲದಂಗ ಇರ್ತಿತ್ತು, ಬರೇ ಬಿಳಿ!" ಹೊಸಬರು ನಕ್ಕರು. "ಒಂದು ವರ್ಷದಾಗ ಇಷ್ಟು ಕಲೀಬಹುದು."

ಪಾಠ ಮುಗಿದ ಮೇಲೆ ಶೈಲಶ್ರೀ ಬಾಗಿಲಲ್ಲಿ ಅವನನ್ನು ತಡೆದಳು.

"ಸರ್, ಗುಳ್ಳಿ ಹಿಂದ ಹ್ಯಾಂಗ ನೋಡಿದ್ರಿ? ನಾ ಎಷ್ಟು ಒತ್ತಿದ್ರೂ ಅದು ಜಗ್ಗಲ್ಲ."

"ಇನ್ನಾ ಕೆಳಗ ಒತ್ತಬೇಕು," ಎಂದ ಶಿವಕಾಂತ. "ಮೂಳಿ ಹತ್ತಿರ."

ಉತ್ತರ ಸರಿಯಾಗಿತ್ತು. ಅವನು ಅದನ್ನು ಮಾಡಿರಲಿಲ್ಲ, ಅಷ್ಟೆ.

ಅಂದಿನಿಂದ ಗುಳ್ಳೆ ಅವನನ್ನು ಹಿಂಬಾಲಿಸಿತು. ಸಲೈನ್ ಬಾಟಲಿಯನ್ನು ತಲೆಕೆಳಗೆ ಮಾಡಿದಾಗ ತಳಕ್ಕೆ ಓಡುವ ಗುಳ್ಳೆಯ ಹಿಂದೆ ಏನಿದೆ ಎಂದು ಅವನು ಬಾಟಲಿಯನ್ನು ತಿರುಗಿಸಿ ನೋಡಿದ, ಕಂಪನಿಯ ಹೆಸರಿತ್ತು. ಮೈಲೂರಿನ ಖಾನಾವಳಿಯಲ್ಲಿ ನೀರಿನ ಲೋಟದ ಗೋಡೆಗೆ ಅಂಟಿದ್ದ ಗುಳ್ಳೆಯನ್ನು ಬೆರಳಿನಿಂದ ಸರಿಸಿದ. ಹಿಂದೆ ಬರಿಯ ಗಾಜಿತ್ತು. ಪ್ರತಿ ಸಲವೂ ಹಿಂದೆ ಏನೂ ಇರುತ್ತಿರಲಿಲ್ಲ, ಪ್ರತಿ ಸಲವೂ ಅದರಿಂದ ಅವನಿಗೆ ಸಮಾಧಾನವಾಗುತ್ತಿರಲಿಲ್ಲ. ಸೀಸದ ಕಡ್ಡಿಯ ಬೂದು ಹೊಳಪು ಬಲಗೈಯ ಕಿರುಬೆರಳಿನ ಅಂಚಿಗೆ ಹತ್ತಿದೆ ಎನಿಸಿ, ಶಸ್ತ್ರಚಿಕಿತ್ಸೆಗೆ ಮುನ್ನ ಮೂರು ನಿಮಿಷ ತೊಳೆಯಬೇಕಾದಲ್ಲಿ ಐದು ನಿಮಿಷ ತೊಳೆಯತೊಡಗಿದ.

ಚಿದ್ರಿಯಲ್ಲಿ ಅವನ ಬಾಡಿಗೆ ಕೋಣೆಯ ಎದುರು ಒಂದು ಮನೆ ಏಳುತ್ತಿತ್ತು. ಗೌಂಡಿ ಅಯ್ಯುಬ ಹೊಸ ಗೋಡೆಯ ಮೇಲೆ ರಸಮಟ್ಟ ಇಟ್ಟು, ಅದರ ಗಾಜಿನ ನಳಿಗೆಯೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ನಿಲ್ಲುವವರೆಗೆ ಕಾಯುತ್ತಿದ್ದ. ಒಂದು ಬೆಳಿಗ್ಗೆ ಶಿವಕಾಂತನೂ ಅಲ್ಲಿ ನಿಂತ.

"ಸಾಬ್, ಗೋಡಿ ನಂದು, ಉಸರು ನೀವ್ಯಾಕ ಹಿಡದೀರಿ?" ಎಂದ ಅಯ್ಯುಬ. "ಬರಾಬರ್ ಅದ, ಬಿಡ್ರಿ."

"ಆ ಗುಳ್ಳಿ ಹಿಂದ ಏನರ ಇದ್ದರ ಹ್ಯಾಂಗ ಗೊತ್ತಾಗ್ತದ?"

ಅಯ್ಯುಬ ಅವನನ್ನೊಮ್ಮೆ, ರಸಮಟ್ಟವನ್ನೊಮ್ಮೆ ನೋಡಿದ. "ಹಿಂದ ಗೋಡಿ ಇರ್ತದ ಸಾಬ್. ಮತ್ತೇನಿರ್ತದ?"

ಅಷ್ಟೂರಿನಲ್ಲಿ ಅರ್ಧ ಕುಸಿದ ಗುಮ್ಮಟವೊಂದಿದೆ. ಅದರ ಒಳಮೈ ಹೊಲದಲ್ಲಿ ನಿಂತವರಿಗೂ ಕಾಣುತ್ತದೆ. ಭಾನುವಾರ ಮಧ್ಯಾಹ್ನ ಅವನು ಅದರ ಮುಂದೆ ಬಹಳ ಹೊತ್ತು ಕುಳಿತಿದ್ದ. ಬೀದರಿನಲ್ಲಿ ಅವನಿಂದ ನೋಡಲಾಗುತ್ತಿದ್ದ ಗುಮ್ಮಟ ಅದೊಂದೇ ಆಗಿತ್ತು.

*

ಇಪ್ಪತ್ತೇಳರಂದು ವರದಿ ಬಂತು. ಎರಡೂ ಗಡ್ಡೆಗಳು ಸೌಮ್ಯ ದರ್ಜೆಯವು, ಸುಣ್ಣದ ಪದರದಲ್ಲೇ ಇದ್ದವು. ಸ್ನಾಯು ಸ್ವಚ್ಛ. ಮೂರು ತಿಂಗಳಿಗೆ ಮತ್ತೆ ದುರ್ಬೀನು, ಅಂದರೆ ಏಪ್ರಿಲ್‌ನಲ್ಲಿ.

ಮೂವತ್ತೊಂದು, ಶುಕ್ರವಾರ, ಭಾಲ್ಕಿಯಲ್ಲಿ ವಿಭಾಗದ ತಿಂಗಳ ತಪಾಸಣಾ ಶಿಬಿರ. ಮಡೆಪ್ಪ ಹೆಂಡತಿ ಸಖುಬಾಯಿಯೊಂದಿಗೆ ಬಂದಿದ್ದ. ಶಿವಕಾಂತ ವರದಿ ಓದಿ ಹೇಳಿದ. ಸಖುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಡೆಪ್ಪ ಅಳಲೂ ಇಲ್ಲ, ನಗಲೂ ಇಲ್ಲ. ಒಂದು ಪ್ರಶ್ನೆ ಕೇಳಿದ.

"ಸಾಹೇಬ್ರ, ಒಳಗ ಎಲ್ಲಾ ನೋಡೀರಿ?"

"ನೋಡೇನಿ ಕಾಕಾ."

"ಮ್ಯಾಲಿಂದೂ?"

ಶಿವಕಾಂತನ ಕೈಯಲ್ಲಿದ್ದ ಲೇಖನಿ ವರದಿಯ ಮೇಲೆ ಒಂದು ಚುಕ್ಕೆ ಮಾಡಿತು.

"ಎಲ್ಲಾ ನೋಡೇನಿ."

"ಹಂಗಾದರ ಏಪ್ರಿಲ್‌ದಾಗ ಮತ್ತ್ಯಾಕ್ರಿ? ನಾ ಹತ್ತನೇ ತಾರೀಖು ಸೋಮವಾರ ಹಿಂಡು ಹೊಡಕೊಂಡು ಹೋಗ್ತೇನಿ. ಜ್ವಾಳ ಕೊಯ್ದ ಹೊಲದಾಗ ಗೊಬ್ಬರಕ್ಕ ರಾತ್ರಿ ಕುರಿ ತರಬ್ತೀವಿ, ಹಂಗೇ ಮಹಾರಾಷ್ಟ್ರದಾಗ ಹೋಗೂದು. ಜೂನ್‌ದಾಗ ಮೃಗಾ ಮಳಿಗೆ ಬರ್ತೇನಿ, ಆವಾಗ ದುರ್ಬೀನ್ ಹಾಕ್ರಿ."

"ಏಪ್ರಿಲ್‌ದಾಗ ಬರಲೇಬೇಕು ಕಾಕಾ."

"ಎಲ್ಲಾ ನೋಡೀನಿ ಅಂದ್ರಲ್ಲ. ನೋಡಿದ್ದನ್ನೇ ಏನ್ ನೋಡ್ತೀರಿ?"

"ಈ ಮನುಷ್ಯಾ ಕುರಿ ಮಾತು ಬಿಟ್ಟು ಯಾರ ಮಾತು ಕೇಳ್ಯಾನ್ರಿ," ಎಂದಳು ಸಖುಬಾಯಿ.

"ಅವು ಸುಳ್ಳು ಹೇಳಂಗಿಲ್ಲಲ್ಲ," ಎಂದು ಮಡೆಪ್ಪ ಎದ್ದ.

ಹೆಂಡತಿಗೆ ತಿರುಗೇಟು ಕೊಡಲು ಅವನು ಹಾಗೆಂದ. ಶಿವಕಾಂತ ಮುಂದಿನ ರೋಗಿಯನ್ನು ಕರೆಯಬೇಕಿತ್ತು. ಅವನು ವರದಿಯ ಮೇಲಿನ ಚುಕ್ಕೆಯನ್ನು ಬೆರಳಿನಿಂದ ಉಜ್ಜುತ್ತ ಕುಳಿತ.

*

ಫೆಬ್ರವರಿ ಆರು, ಗುರುವಾರ, ಬೆಳಿಗ್ಗೆ ಹನ್ನೊಂದು. ಶೈಲಶ್ರೀ ಒಬ್ಬ ರೋಗಿಯ ಮೂತ್ರಕೋಶವನ್ನು ಪರೀಕ್ಷಿಸಿ ದುರ್ಬೀನು ಹೊರತೆಗೆದಿದ್ದಳು. ಶಿವಕಾಂತ ಕೋಣೆಗೆ ಬಂದಾಗ ಅವಳು ನಕ್ಷೆ ಮುಗಿಸುತ್ತಿದ್ದಳು. ಇಡೀ ವೃತ್ತ ಬೂದಾಗಿತ್ತು. ಹನ್ನೆರಡರಲ್ಲಿ ಗೆರೆಗಳು ಉಳಿದ ಕಡೆಗಿಂತ ದಟ್ಟವಾಗಿದ್ದವು. ಅವನ ನಕ್ಷೆಯಲ್ಲೂ ಹಾಗೆಯೇ ಇತ್ತು.

"ಗುಳ್ಳಿ ಹಿಂದ ನೋಡಿದ್ಯಾ?"

ಅವಳು ಕಡ್ಡಿ ಕೆಳಗಿಟ್ಟಳು. "ಸರಿಲಿಲ್ಲ ಸರ್, ಅದು."

"ಮತ್ತ?"

"ನಿಮ್ಮ ನಕ್ಷಾದಾಗ ಬಿಳಿ ಇಲ್ಲಲ್ಲ ಸರ್. ನಾ ಬಿಟ್ಟರ ನಂಗ ಒತ್ತಲಿಕ್ಕೇ ಬರಂಗಿಲ್ಲ ಅಂತ ಆಗ್ತದ."

ರೋಗಿ ಇನ್ನೂ ಮೇಜಿನ ಮೇಲೆಯೇ ಇದ್ದ. "ಮತ್ತ ಹಾಕು," ಎಂದ ಶಿವಕಾಂತ. ಕೈಗವಸು ತೊಟ್ಟು, ಅವಳ ಎಡಗೈಯ ಮೇಲೆ ತನ್ನ ಕೈಯಿಟ್ಟು, ಮೂಳೆಯ ಅಂಚಿಗೆ ತಂದು ಒತ್ತಿದ. ಗುಳ್ಳೆ ಜಾರಿತು. ಹಿಂದೆ ತೆಳು ಗುಲಾಬಿ ಗೋಡೆ, ಅದರ ಮೇಲೆ ಎಳೆಎಳೆಯಾದ ರಕ್ತನಾಳಗಳು. ಆ ಗುಮ್ಮಟ ಸ್ವಚ್ಛವಾಗಿತ್ತು. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಕಳೆದಿತ್ತು.

ಅವನು ಅಲ್ಲಿಂದ ನೇರವಾಗಿ ಪಾಠದ ಕೋಣೆಗೆ ಹೋಗಿ ಫಲಕದಿಂದ ತನ್ನ ನಕ್ಷೆಯನ್ನು ಕಿತ್ತುಕೊಂಡು ಡಾ. ಮುಸರ್ರತರ ಮುಂದಿಟ್ಟ. ಜೇಬಿನಿಂದ ರಬ್ಬರು ತೆಗೆದ.

"ಹನ್ನೆರಡು ಗಂಟೆದ್ದು ನಾ ನೋಡಿಲ್ರಿ, ಮೇಡಮ್."

ಅವರು ಹಾಳೆಯನ್ನು ಬೆಳಕಿಗೆ ಹಿಡಿದರು. "ಮೂರು ಶನಿವಾರ ಇದನ್ನ ತೋರಿಸಿ ಪಾಠ ಮಾಡೀನಿ."

"ಹೌದ್ರಿ."

"ರಬ್ಬರ್ ಒಳಗಿಡು. ಮಡೆಪ್ಪಗ ಗೊತ್ತದ ಏನು?"

"ಇಲ್ರಿ. ಭಾಲ್ಕಿದಾಗ ಕೇಳಿದ್ರು. ನೋಡೀನಿ ಅಂತ ಹೇಳ್ದೆ. ಸೋಮವಾರ ಹಿಂಡು ಹೊಡಕೊಂಡು ಹೋಗ್ತಾರ, ಮೃಗಾ ಮಳಿಗೆ ಬರ್ತಾರಂತ."

ಡಾ. ಮುಸರ್ರತ ಬೆರಳು ಮಡಚಿದರು. ಮಾರ್ಚ್, ಏಪ್ರಿಲ್, ಮೇ, ಜೂನ್.

"ನಾಕು ತಿಂಗಳು. ಅಲ್ಲೇನೂ ಇಲ್ಲ ಅಂದರ ನಸೀಬು. ಇದ್ದರ, ನಾಕು ತಿಂಗಳದಾಗ ಸುಣ್ಣದ್ದು ಕಲ್ಲಿಗೆ ಹೋಗ್ತದ. ಗೊತ್ತದಲ್ಲ?"

"ಗೊತ್ತದರಿ. ಫೋನ್ ಮಾಡಿ ಕರೀತೇನಿ."

"ಫೋನ್ ಬ್ಯಾಡ. ಫೋನಿನಾಗ ನೀ ಯಾವುದೋ ಕಾಗದಕ್ಕ ಸಹಿ ಬೇಕು ಅಂತ ಹೇಳ್ತೀ. ನಾಳೆ ಸುಟ್ಟಿ ತಗೋ. ಹೋಗು, ಮುಖಾ ನೋಡಿ ಹೇಳು."

ಅವರು ಎದ್ದು ಹೋಗಿ ನಕ್ಷೆಯನ್ನು ಮೊದಲಿದ್ದ ಜಾಗದಲ್ಲೇ ಚುಚ್ಚಿದರು.

*

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬೀದರಿನಿಂದ ಬಸ್ಸು. ಔರಾದದಲ್ಲಿ ಇಳಿದು, ಅಲ್ಲಿಂದ ಟಂಟಂ ಆಟೋದಲ್ಲಿ ಹಳ್ಳಿ ತಲುಪಿದಾಗ ಹತ್ತೂವರೆ. ಸಖುಬಾಯಿ ಅಂಗಳದಲ್ಲಿ ಒಬ್ಬಳೇ ಇದ್ದಳು. ಕುರಿದೊಡ್ಡಿ ಖಾಲಿಯಾಗಿತ್ತು.

"ಅಯ್ಯ, ಡಾಕ್ಟರ್ ಸಾಹೇಬ್ರು! ಅವರು ಬುಧವಾರನೇ ಹೋದ್ರಲ್ರಿ. ಮೇವು ಮುಗೀತದ, ಬ್ಯಾರೆ ಹಿಂಡು ಮೊದಲ ಹೊಕ್ಕವು ಅಂತ ಗಡಿಬಿಡಿ ಮಾಡಿದ್ರು. ಫೋನು ಇಲ್ಲೇ ಗೂಟಕ್ಕ ಹಾಕಿ ಹೋಗ್ಯಾರ ನೋಡ್ರಿ." ಅವಳು ಅವನ ಮುಖ ನೋಡಿದಳು. ಸೆರಗು ಬಾಯಿಗೆ ಹೋಯಿತು. "ಯಾನಾಗ್ಯಾದ ತಮ್ಮಾ?"

"ಒಮ್ಮೆ ಮತ್ತ ನೋಡಬೇಕು ಆಯಿ. ತಪ್ಪು ನಂದು."

ಅವಳು ಅಂಗಳದಾಚೆ ಬಂದು ಕಮಲನಗರದ ದಾರಿ ತೋರಿಸಿದಳು.

ಹಿಂಡು ಸಿಕ್ಕಿದ್ದು ಮಧ್ಯಾಹ್ನ ಎರಡು ಗಂಟೆಗೆ, ಕಮಲನಗರ ದಾಟಿ, ಗಡಿಗೆ ಸ್ವಲ್ಪ ಈಚೆ. ಜೋಳ ಕೊಯ್ದ ಹೊಲದಲ್ಲಿ ಕೂಳೆಗಳ ನಡುವೆ ಕುರಿಗಳು ತಲೆ ತಗ್ಗಿಸಿ ನಿಂತಿದ್ದವು. ಮಡೆಪ್ಪ ಜಾಲಿಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದ. ಹೊಲದಲ್ಲಿ ಬರುತ್ತಿದ್ದವನನ್ನು ದೂರದಿಂದಲೇ ಗುರುತಿಸಿದ, ಏಳಲಿಲ್ಲ.

"ಬರ್ರಿ ಸಾಹೇಬ್ರ. ರೊಟ್ಟಿ ತಿಂತೀರಿ?"

"ಕಾಕಾ, ಒಂದು ಮಾತು ಹೇಳಬೇಕಾಗ್ಯಾದ."

"ಚಪ್ಪಲಿ ನೋಡಿದ್ರ ತಿಳೀತದ, ಕುರಿ ಕೊಳ್ಳಾಕ ಬಂದಿಲ್ಲ ನೀವು."

ಶಿವಕಾಂತ ಎದುರಿಗೆ ಮಣ್ಣಿನಲ್ಲಿ ಕುಳಿತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳಲ್ಲಿ ಒಂದೂ ಉಳಿದಿರಲಿಲ್ಲ. "ನಿಮ್ಮ ಚೀಲದ ಮ್ಯಾಲಿನ ಭಾಗ ನಾ ನೋಡಿಲ್ಲ. ನೋಡೇನಿ ಅಂತ ಬರದೆ. ಭಾಲ್ಕಿದಾಗ ನೀವು ಕೇಳಿದಾಗ್ಲೂ ಸುಳ್ಳು ಹೇಳ್ದೆ."

ಮಡೆಪ್ಪ ರೊಟ್ಟಿಯನ್ನು ಎರಡು ತುಂಡು ಮಾಡಿದ. ಎರಡನ್ನೂ ಕೈಯಲ್ಲೇ ಹಿಡಿದಿದ್ದ.

"ಅಲ್ಲಿ ಚಂದ್ರನಂಗ ಒಂದು ಹೊಳೀಲತ್ತಿತ್ತು," ಎಂದ. "ನೀವು ಅದರ ಹತ್ತಿರ ಹೋದ್ರಿ. ನಾನೂ ನೋಡ್ಲತ್ತಿದ್ದೆ. ಅದರ ಹಿಂದ ಏನದ ಈಗ ಕಾಣ್ತದ ಅಂತ ಮಾಡಿದ್ದೆ. ಒಮ್ಮೆಲೇ ಟಿವಿ ಕರ್ರಗಾಯ್ತು."

ಶಿವಕಾಂತ ಮೂರು ವಾರಗಳಿಂದ ತಾನೊಬ್ಬನೇ ಕಂಡಿದ್ದೇನೆ ಎಂದುಕೊಂಡಿದ್ದ ಗುಳ್ಳೆಯನ್ನು ಇವನೂ ಕಂಡಿದ್ದ, ಇವನೂ ಹೊತ್ತು ತಿರುಗಿದ್ದ.

"ಅದಕ್ಕೇ ಭಾಲ್ಕಿದಾಗ ಕೇಳ್ದೆ, ಮ್ಯಾಲಿಂದೂ ನೋಡೀರಿ ಅಂತ. ಓದಿದವರು ನೋಡೀನಿ ಅಂದ್ರು. ನನಗ ತಿಳೀಲಿಲ್ಲ, ಅಷ್ಟೇ ಅಂದುಕೊಂಡೆ." ಅವನು ಒಂದು ತುಂಡನ್ನು ಶಿವಕಾಂತನ ಮುಂದೆ ಇಟ್ಟ. "ಅಲ್ಲಿ ಏನರ ಅದ?"

"ಗೊತ್ತಿಲ್ಲ ಕಾಕಾ. ಇರಬಹುದು, ಇಲ್ಲದೇನೂ ಇರಬಹುದು."

"ಇದು ಖರೆ ಮಾತು." ಮಡೆಪ್ಪ ಎದ್ದು, ದೂರ ಸರಿದಿದ್ದ ಎರಡು ಕುರಿಗಳನ್ನು ಬಾಯಿಂದ ಸದ್ದು ಮಾಡಿ ತಿರುಗಿಸಿದ. ಬೆನ್ನು ಹಾಕಿಯೇ ಮಾತಾಡಿದ. "ಗುರುವಾರ ಬರ್ತೇನಿ. ಅಳಿಯಗ ಹೇಳಿ ಕಳಸ್ಬೇಕು, ಹಿಂಡು ನೋಡಾವ ಬೇಕಲ್ಲ."

"ಮೇಡಮ್ಮೇ ದುರ್ಬೀನ್ ಹಾಕ್ತಾರ. ನಾ ಹಾಕಂಗಿಲ್ಲ, ಅಂಜಬ್ಯಾಡ್ರಿ."

"ಬ್ಯಾಡ. ನೀವೇ ಹಾಕ್ರಿ." ಅವನು ತಿರುಗಿದ. "ಎಲ್ಲಿ ಬಿಟ್ಟೀರಿ ಅಂತ ನಿಮಗ ಗೊತ್ತದ. ಆದರ ಈ ಸಲ ನಾ ನೋಡೂದು ಮುಗೀಬೇಕು, ಆಮ್ಯಾಲ ಟಿವಿ ಬಂದ್ ಮಾಡ್ರಿ."

*

ಫೆಬ್ರವರಿ ಹದಿಮೂರು, ಗುರುವಾರ. ಅರಿವಳಿಕೆ ಒಂಬತ್ತು ಗಂಟೆ ಎರಡು ನಿಮಿಷಕ್ಕೆ. ದುರ್ಬೀನು ಒಳಹೋದದ್ದು ಒಂಬತ್ತು ಹದಿನೈದಕ್ಕೆ. ಡಾ. ಮುಸರ್ರತ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. ಶೈಲಶ್ರೀ ಖಾಲಿ ನಕ್ಷೆಯ ಹಾಳೆ ಹಿಡಿದಿದ್ದಳು. ಮಡೆಪ್ಪ ಕತ್ತು ಹೊರಳಿಸಿ ಪರದೆ ನೋಡುತ್ತಿದ್ದ.

ಎಡಗೋಡೆಯ ಹಳೆಯ ಗಾಯಗಳು ಮಾಗಿದ್ದವು. ಆರು, ಒಂಬತ್ತು, ಸ್ವಚ್ಛ. ಶಿವಕಾಂತ ದುರ್ಬೀನನ್ನು ಮೇಲಕ್ಕೆ ತಿರುಗಿಸಿದ.

ಗುಳ್ಳೆ ಅಲ್ಲಿಯೇ ಇತ್ತು.

"ಅದೇ ನೋಡ್ರಿ," ಎಂದ ಮಡೆಪ್ಪ ಮೆಲ್ಲಗೆ.

ಶಿವಕಾಂತ ನೀರು ಕಡಿಮೆ ಮಾಡಿದ. ಎಡಗೈಯನ್ನು ಮೂಳೆಯ ಅಂಚಿಗಿಟ್ಟು ಒತ್ತಿದ. ಗುಳ್ಳೆ ನಡುಗಿತು. ಮಡೆಪ್ಪನಿಗೆ ಕೆಮ್ಮು ಬಂತು; ಶಿವಕಾಂತ ಕೈ ತೆಗೆಯದೆ ಕೆಮ್ಮು ಮುಗಿಯುವವರೆಗೆ ಕಾದು, ಮತ್ತೆ ಒತ್ತಿದ. ಗುಮ್ಮಟ ಬಾಗಿತು. ಗುಳ್ಳೆ ಒಮ್ಮೆಲೇ ಬಲಕ್ಕೆ ಜಾರಿ ಹೊರಟುಹೋಯಿತು.

ಮಡೆಪ್ಪ ನೋಡಿದ. ಸಾಕಷ್ಟು ಹೊತ್ತು ನೋಡಿದ.

"ಹಾಂ," ಎಂದ. "ಈಗ ಕೆರದು ತಗೀರಿ ಅದನ್ನ."

ನಕ್ಷೆಯಲ್ಲಿ ಬಿಳಿ ಉಳಿಯಲಿಲ್ಲ. ಫೆಬ್ರವರಿ ಇಪ್ಪತ್ತರಂದು ಬಂದ ವರದಿ: ಹನ್ನೆರಡು ಗಂಟೆಯ ಸ್ಥಾನ, ಗುಮ್ಮಟ. ಒಂಬತ್ತು ಮಿಲಿಮೀಟರಿನ ಒಂದು ಗಡ್ಡೆ. ಉಗ್ರ ದರ್ಜೆ. ಎರಡನೆಯ ಪದರಕ್ಕೆ, ಗಾರೆಗೆ, ಇಳಿದಿದೆ. ಕೆರೆದು ತೆಗೆದ ಮಾದರಿಯಲ್ಲಿ ಸ್ನಾಯುವೂ ಇದೆ. ಸ್ನಾಯುವಿನಲ್ಲಿ ಕ್ಯಾನ್ಸರ್ ಇಲ್ಲ.